ಡೆಲ್ಫಾ ಅತ್ತೆಯ ಏನೂ ಮಾರದ ಮೇಜು

ಬೆಲ್‌ಫೋರ್ಕ್ ಎಂಬ ಸಣ್ಣ ಊರಿನ ಬಾಗಿಲು ಕಾರ್ಖಾನೆಯಲ್ಲಿ ನಾನು ಕೀಲು ಕೂರಿಸುವವನು. ದಿನವಿಡೀ ನನ್ನ ಕೈಯಲ್ಲಿ ಬಾಗಿಲುಗಳು ತೆರೆದು ಮುಚ್ಚುತ್ತವೆ. ಒಂದರ ಹಿಂದೆಯೂ ಕೋಣೆಯಿಲ್ಲ. ಇಂಥವನು ಇನ್ನೊಬ್ಬರ ಬದುಕನ್ನು ಬರೆಯಲು ಕೂತದ್ದು ಕಂಡು ಅಮ್ಮ, "ಮೊದಲು ನಿನ್ನ ರೂಮು ಗುಡಿಸು" ಎಂದಳು. ಇನ್ನೂ ಗುಡಿಸಿಲ್ಲ.

ಬರೆಯುತ್ತಿರುವುದು ಡೆಲ್ಫಾ ಟ್ರಂಬೋ ಬಗ್ಗೆ. ನನ್ನ ಅಪ್ಪನ ಅಕ್ಕ. ಊರಿನ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದವಳು. ಇವತ್ತು ಇಲ್ಲಿ ಗಡ್ಡ ಬಿಟ್ಟುಕೊಂಡು ದೊಡ್ಡ ಟ್ರಕ್ಕು ಓಡಿಸುವ ಗಂಡಸರೆಲ್ಲ ಒಂದು ಕಾಲದಲ್ಲಿ ಅವಳೆದುರು ತಟ್ಟೆ ಹಿಡಿದು ನಿಂತು, ಬಟಾಣಿ ಬೇಡವೆಂದು ಹೇಳಿ ಬೈಸಿಕೊಂಡವರು. ಸೊಂಟ ನೋವಿನಿಂದ ಒಂದು ಕಡೆ ವಾಲಿ ನಡೆಯುತ್ತಾಳೆ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು, ಅದನ್ನೇ ಮನೆಯೆಲ್ಲ ಹುಡುಕುತ್ತಾಳೆ. ಅಕ್ಟೋಬರ್ ಬಂದರೆ ಕಾಡಿಗೆ ಹೋಗಿ ಅಳಿಲು ಹೊಡೆದು ತಂದು ಸಾರು ಮಾಡುತ್ತಾಳೆ. ಗುರಿ ಎಂದರೆ ಗುರಿ. ನಾನು ಜಿಂಕೆಗೆ ಇಟ್ಟ ಗುರಿ ಒಮ್ಮೆ ನನ್ನದೇ ಊಟದ ಡಬ್ಬಿಗೆ ತಾಗಿದ್ದನ್ನು ಅವಳು ಪ್ರತಿ ಕ್ರಿಸ್‌ಮಸ್‌ಗೂ ನೆನಪಿಸುತ್ತಾಳೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಊರಿನಲ್ಲಿ ಕೆಲವರು ಅವಳು ಬಂದೂಕು ಕಂಡರಾಗದ ಹೆಂಗಸು ಎಂದುಕೊಂಡಿದ್ದಾರೆ.

ಮೇ ತಿಂಗಳ ಒಂದು ಶನಿವಾರ ಇಲ್ಲಿ ಅಂಗಳಸಂತೆ. ಅವತ್ತು ಮನೆಯೊಳಗಿನ ಬೇಡದ್ದೆಲ್ಲ ಹುಲ್ಲಿನ ಮೇಲೆ ಹಾಕಿದ ಮೇಜುಗಳಿಗೆ ಬರುತ್ತದೆ. ಮುರಿದ ದೀಪ, ಮಕ್ಕಳ ಸೈಕಲ್ಲು, ಯಾರೋ ಮದುವೆಗೆ ಕೊಟ್ಟ, ಯಾರೂ ಬಳಸದ ಸಾರಿನ ಬಟ್ಟಲು. ಅದರ ಪಕ್ಕದಲ್ಲೇ, ಬೆಲೆಯ ಚೀಟಿ ಅಂಟಿಸಿಕೊಂಡು, ಅಜ್ಜನ ಕೋವಿ. ಯಾರಿಗೂ ಅದು ವಿಶೇಷವಲ್ಲ. ಮಾರುವವನು ಕೊಳ್ಳುವವನ ಕಣ್ಣು ನೋಡುತ್ತಾನೆ, ಕೈ ಕುಲುಕುತ್ತಾನೆ, ಅಷ್ಟಕ್ಕೆ ಮುಗಿಯಿತು. ಅದರಾಚೆಗೆ ಏನಾದರೂ ಕೇಳುವುದೆಂದರೆ ಎದುರಿನವನನ್ನು ಕಳ್ಳನೆಂದು ಕರೆದಂತೆ. ಪರವಾನಗಿ ಇರುವ ಅಂಗಡಿಯವನು ಮಾರುವ ಮೊದಲು ಕೊಳ್ಳುವವನ ಪೂರ್ವಾಪರ ವಿಚಾರಿಸಲೇಬೇಕು, ಸರ್ಕಾರದಿಂದ ಸೈ ಎನ್ನಿಸಿಕೊಳ್ಳಲೇಬೇಕು. ಅಂಗಳದಲ್ಲಿ ಮಾರುವವನಿಗೆ ಅಂಥ ಕಟ್ಟು ಒಂದೂ ಇಲ್ಲ. ಕಾನೂನು ಅಂಗಡಿಯ ಬಾಗಿಲ ತನಕ ಬಂದು, ಅಲ್ಲಿಯೇ ಚಪ್ಪಲಿ ಬಿಟ್ಟು ಕೂತುಬಿಡುತ್ತದೆ.

ಮರ್ಲ್ ಮಾಮ, ಅಂದರೆ ಅತ್ತೆಯ ಗಂಡ, ತೀರಿಕೊಂಡ ವರ್ಷ ಅತ್ತೆ ಅವನ ಸಾಮಾನುಗಳನ್ನು ಅಂಗಳದಲ್ಲಿಟ್ಟಳು. ಮೀನಿನ ಗಾಳ, ಟೈಗಳು, ಕ್ರಿಸ್‌ಮಸ್ ದೀಪದ ಸರ, ಒಂದು ರಿವಾಲ್ವರ್. ಅವಳ ಬೇಟೆನಾಯಿ ಮರಿ ಹಾಕಿತ್ತು, ಆ ಮರಿಗಳೂ ಪೆಟ್ಟಿಗೆಯಲ್ಲಿದ್ದವು. ನಾನು ಆಗ ಶಾಲೆಯಲ್ಲಿ ಓದುತ್ತಿದ್ದೆ. ಆ ಬೆಳಿಗ್ಗೆ ನನ್ನ ಪಾತ್ರವೆಂದರೆ ನಿದ್ದೆ ಮಾಡಿದ್ದು. ಹಾಗಾಗಿ ನಡೆದದ್ದನ್ನು ಅತ್ತೆ ಹೇಳಿದ ಹಾಗೆ ಹೇಳುತ್ತೇನೆ. ಅವಳು ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ನಾನು ನೋಡಿಲ್ಲ ಎನ್ನುವುದು ನನಗೇ ಮರೆತುಹೋಗುತ್ತದೆ.

ಮೊದಲು ಒಂದು ಸಂಸಾರ ನಾಯಿಮರಿ ಕೇಳಿಕೊಂಡು ಬಂತು. ಅತ್ತೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ವಿಚಾರಣೆಗಿಳಿದಳು. ಹಿತ್ತಿಲಿಗೆ ಬೇಲಿ ಇದೆಯೇ? ಹಗಲು ಮನೆಯಲ್ಲಿ ಯಾರಿರುತ್ತೀರಿ? ಮಕ್ಕಳು ಬಾಲ ಎಳೆಯುತ್ತಾರಾ? ಹಿಂದೆ ಸಾಕಿದ ನಾಯಿ ಏನಾಯಿತು? ಆ ಗಂಡಸು ತಡವರಿಸಿ, "ಅದು ರಸ್ತೆಗೆ ಹೋಗಿ..." ಎಂದ. ಅತ್ತೆ ಮರಿಯನ್ನು ವಾಪಸು ಪೆಟ್ಟಿಗೆಯಲ್ಲಿಟ್ಟಳು.

"ಮುಂದಿನ ವರ್ಷ ಬನ್ನಿ. ಬೇಲಿ ಹಾಕ್ಕೊಂಡು ಬನ್ನಿ."

ಅವರು ಹೋದ ಮೇಲೆ ಇನ್ನೊಬ್ಬ ಬಂದ. ಟೋಪಿ ತೆಗೆದು ಮಾತಾಡಿದ. ಮರ್ಲ್ ಮಾಮ ತೀರಿಕೊಂಡ ವಿಷಯ ತಿಳಿದು, "ತುಂಬಾ ದುಃಖ ಆಯ್ತಮ್ಮಾ" ಎಂದ. ರಿವಾಲ್ವರನ್ನು ಎತ್ತಿ ನೋಡಿ, ಹೇಗಿತ್ತೋ ಹಾಗೇ ಇಟ್ಟ. ಚೌಕಾಸಿ ಮಾಡಲಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡಿ ಕೈ ಕುಲುಕಿದ. ಅವನನ್ನು ಅತ್ತೆ ಕೇಳಿದ್ದು ಒಂದೇ ಪ್ರಶ್ನೆ:

"ಚೀಲ ಬೇಕೇನಪ್ಪಾ?"

ಬೇಸಿಗೆ ಮುಗಿಯುವ ಮೊದಲು ಶೆರಿಫ್ ಕಚೇರಿಯಿಂದ ಇಬ್ಬರು ಪೊಲೀಸರು ಬಂದರು. ಪಕ್ಕದ ಜಿಲ್ಲೆಯಲ್ಲಿ ಟ್ರೆಸಾ ಎಂಬ ಹೆಂಗಸನ್ನು ಅವಳ ಗಂಡ ಅಡುಗೆಮನೆಯಲ್ಲಿ ಗುಂಡಿಟ್ಟು ಕೊಂದಿದ್ದ. ಅವಳ ಹತ್ತಿರ ಸುಳಿಯಕೂಡದು, ಬಂದೂಕು ಇಟ್ಟುಕೊಳ್ಳಕೂಡದು ಎಂದು ನ್ಯಾಯಾಲಯ ಅವನಿಗೆ ಮೊದಲೇ ಹೇಳಿತ್ತು. ಒಂದು ಅಂಗಡಿಯಲ್ಲಿ ಕೊಳ್ಳಲು ಹೋಗಿದ್ದನಂತೆ, ಅಲ್ಲಿ ವಿಚಾರಣೆಯಲ್ಲಿ ಸಿಕ್ಕಿಬಿದ್ದು ಬರಿಗೈಯಲ್ಲಿ ಹೊರಬಂದಿದ್ದನಂತೆ. ಅದಾದ ವಾರದಲ್ಲೇ ನಮ್ಮ ಅಂಗಳಸಂತೆ.

ಅತ್ತೆ ಎರಡೂ ಕೈ ಮುಂದೆ ಚಾಚಿ ನಿಂತಳಂತೆ, ಕೋಳ ಹಾಕುತ್ತಾರೆಂದು. ಬಂದವರಲ್ಲಿ ಚಿಕ್ಕವನು, ಅವನೂ ಅವಳ ಬಟಾಣಿ ತಿಂದವನೇ, ಮುಜುಗರದಿಂದ, "ಅಯ್ಯೋ ಡೆಲ್ಫಮ್ಮಾ, ಕೈ ಇಳಿಸಿ. ನಿಮ್ದೇನೂ ತಪ್ಪಿಲ್ಲ. ನೀವು ಕಾನೂನು ಮುರಿದಿಲ್ಲ" ಎಂದ.

"ಮುರಿದಿಲ್ವಾ?"

"ಇಲ್ಲಮ್ಮಾ. ಕೇಳ್ಬೇಕು ಅಂತ ಕಾನೂನೇ ಇಲ್ಲ."

ಆ ಮಾತಿನಿಂದ ಅವಳಿಗೆ ಸಮಾಧಾನವಾಗಬಹುದೆಂದು ಊರಿನವರೆಲ್ಲ ಅಂದುಕೊಂಡರು. ಪಾದ್ರಿ ಹೇಳಿದರು, ನನ್ನ ಅಪ್ಪ ಹೇಳಿದ, ದಿನಸಿ ಅಂಗಡಿಯ ಸಾಲಿನಲ್ಲಿ ನಿಂತವರು ಹೇಳಿದರು: ನಿನ್ನ ತಪ್ಪಿಲ್ಲ ಡೆಲ್ಫಾ. ಒಬ್ಬರಾದರೂ ತಪ್ಪು ಎಂದಿದ್ದರೆ ಅವಳು ಅತ್ತು ಹಗುರಾಗುತ್ತಿದ್ದಳೋ ಏನೋ. ಎಲ್ಲರೂ ಸೇರಿ ಅವಳ ನಾಚಿಕೆಯನ್ನು ಇಟ್ಟುಕೊಳ್ಳಲು ಜಾಗವಿಲ್ಲದಂತೆ ಮಾಡಿದರು.

ಇಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಮುಚ್ಚಳದ ಪಾತ್ರೆಯಲ್ಲಿ ಏನಾದರೂ ಬೇಯಿಸಿ ಒಯ್ಯಬೇಕು. ಪಾತ್ರೆ ತಪ್ಪಿಹೋಗದಿರಲೆಂದು ತಳಕ್ಕೆ ಪಟ್ಟಿ ಅಂಟಿಸಿ ಹೆಸರು ಬರೆದಿರುತ್ತಾರೆ. ಅತ್ತೆ ಕೋಳಿ ಮತ್ತು ನೂಡಲ್ಸ್ ಬೇಯಿಸಿ, ಕಾರು ಹತ್ತಿ, ಟ್ರೆಸಾಳ ತಾಯಿಯ ಮನೆಗೆ ಹೋದಳು. ತಾನು ಯಾರೆಂದು ಹೇಳಲು ಬಾಯಿ ಬರಲಿಲ್ಲ. "ಶಾಲೆ ಅಡುಗೆಮನೆಯವ್ಳು" ಎಂದಷ್ಟೇ ಹೇಳಿ, ಪಾತ್ರೆ ಕೊಟ್ಟು, ಬಾಗಿಲಿನಿಂದಲೇ ತಿರುಗಿದಳು. ಅರ್ಧ ದಾರಿಯಲ್ಲಿ ತಳದ ಪಟ್ಟಿ ನೆನಪಾಯಿತು. ರಸ್ತೆ ಬದಿ ಕಾರು ನಿಲ್ಲಿಸಿ ತುಂಬಾ ಹೊತ್ತು ಕೂತಿದ್ದಳಂತೆ. ರಿವಾಲ್ವರ್ ಮಾರಿದವಳೆಂದು ಅವಳ ಹೆಸರು ಆಗಲೇ ಪತ್ರಿಕೆಯಲ್ಲಿ ಬಂದಿತ್ತು.

ಒಂದು ದಿನ ಪಾತ್ರೆ ಅವಳ ಜಗಲಿಗೆ ವಾಪಸು ಬಂತು. ಯಾರು ಯಾವಾಗ ಇಟ್ಟು ಹೋದರೋ ಗೊತ್ತಿಲ್ಲ. ಚೆನ್ನಾಗಿ ತಿಕ್ಕಿ ತೊಳೆದಿತ್ತು. ತಳದ ಪಟ್ಟಿಯನ್ನು ಕಿತ್ತು ತೆಗೆದಿದ್ದರು, ಅಂಟು ಕೂಡ ಉಳಿಯದ ಹಾಗೆ ಕೆರೆದಿದ್ದರು.

ಮುಂದಿನ ಮೇ ತಿಂಗಳಲ್ಲಿ ಅತ್ತೆ ಅಂಗಳಕ್ಕೆ ಮೇಜು ಹಾಕಿದಳು. ಮೇಲೆ ಒಂದು ಕಾಫಿ ಪಾತ್ರೆ, ಒಂದು ತಟ್ಟೆ ಡೋನಟ್, ಒಂದು ರಟ್ಟು. ರಟ್ಟಿನ ಮೇಲೆ ದಪ್ಪ ಅಕ್ಷರ: "ಇಲ್ಲೇ ಮಾರಿದೆ. ಯಾರು ಅಂತ ಕೇಳಲಿಲ್ಲ. ನೀವು ಕೇಳಿ." ಮಾರಲು ಏನೂ ಇರಲಿಲ್ಲ. ಜನ ಡೋನಟ್ ನೋಡಿ ಬರುವರು, ರಟ್ಟು ಓದುವರು, ಡೋನಟ್ ತೆಗೆದುಕೊಳ್ಳಲೂ ಆಗದೆ ಬಿಡಲೂ ಆಗದೆ ನಿಲ್ಲುವರು. ಆ ಸಂದಿನಲ್ಲಿ ಅತ್ತೆ ಹಿಡಿದುಬಿಡುವಳು.

"ಕೂತ್ಕೋ. ಕೋವಿ ಮಾರ್ತಿದೀಯಂತೆ?"

"ಹೌದು ಡೆಲ್ಫಮ್ಮಾ, ಅಪ್ಪಂದು."

"ಗಿರಾಕೀನ ಎಮೆಟ್ ಅಂಗಡಿಗೆ ಕರ್ಕೊಂಡು ಹೋಗು. ಕೌಂಟರ್ ಮೇಲೆ ಇಡು. ಅವನು ವಿಚಾರಿಸಿ ಸರಿ ಅಂದ್ರೆ ಕೊಡು. ಕಾಫಿ ಕುಡಿಯೋಷ್ಟು ಹೊತ್ತು ಆಗಲ್ಲ."

ಎಮೆಟ್‌ನದು ಮೊಳೆ, ಮೀನಿಗೆ ಹಾಕುವ ಹುಳು, ಬಂದೂಕು ಮೂರನ್ನೂ ಮಾರುವ ಅಂಗಡಿ, ಬೀದಿಯ ಕೊನೆಯಲ್ಲಿ. ಪರವಾನಗಿ ಇದೆ. ನಾವು ನಾವೇ ಮಾರಿಕೊಳ್ಳುವಾಗಲೂ ಅವನ ಮೂಲಕ ಹೋಗಬಹುದು. ಹೋಗಬಹುದು, ಅಷ್ಟೆ. ಹೋಗಬೇಕಾಗಿಲ್ಲ. ಅತ್ತೆಯ ಜಗಳವೆಲ್ಲ ಆ ಎರಡು ಮಾತುಗಳ ನಡುವೆ.

ರಾಜಧಾನಿಯ ಶಾಸನಸಭೆಗೂ ಒಮ್ಮೆ ಹೋಗಿ ಬಂದಳು. ಕೊಟ್ಟ ಸಮಯ ಚೂರು, ಅದರಲ್ಲಿ ಅರ್ಧ ಕನ್ನಡಕ ಹುಡುಕುವುದರಲ್ಲೇ ಹೋಯಿತು. ಅದು ಎದೆಯ ಮೇಲೆಯೇ ನೇತಾಡುತ್ತಿತ್ತು. ಉಳಿದರ್ಧದಲ್ಲಿ ನಾಯಿಮರಿಯ ಕಥೆ ಹೇಳಿದಳು. "ಸ್ವಾಮೀ, ನಾಯಿಗೆ ಎಷ್ಟೊಂದು ಕೇಳ್ದೆ, ಇದಕ್ಕೆ ಒಂದೂ ಕೇಳ್ಲಿಲ್ಲ" ಎಂದಾಗ ಒಬ್ಬ ಶಾಸಕ ಫೋನು ನೋಡುತ್ತಿದ್ದನಂತೆ. ಕಾನೂನು ಇದ್ದಲ್ಲೇ ಇದೆ.

ಊರಿನವರು ಅವಳಿಗೆ 'ಸರ್ಕಾರಿ ಡೆಲ್ಫಾ' ಎಂದು ಹೆಸರಿಟ್ಟರು. ಯಾರೋ ರಟ್ಟಿನ ಕೆಳಗೆ "ಡೋನಟ್‌ಗೂ ಲೈಸೆನ್ಸ್ ಬೇಕಾ?" ಎಂದು ಬರೆದರು. ಅವಳು ಅದನ್ನು ಅಳಿಸಲಿಲ್ಲ, ನಕ್ಕಳು. ನಕ್ಕದ್ದನ್ನು ನೋಡಿ ನನಗೆ ಮೈ ಉರಿಯಿತು. ಹೌದು, ಅವಳ ಬಗ್ಗೆ ನನಗೆ ನಾಚಿಕೆಯಾಗುತ್ತಿತ್ತು. ಅಂಗಳಸಂತೆಯ ದಿನ ನನ್ನ ಟ್ರಕ್ಕನ್ನು ಹಿಂದಿನ ಬೀದಿಯಲ್ಲಿ ನಿಲ್ಲಿಸಿ, ಬೇಲಿ ಹಾರಿ ಅವಳ ಅಡುಗೆಮನೆಗೆ ಹೋಗಿ ತಿಂದು ಬರುತ್ತಿದ್ದೆ. ಅವಳ ಡೋನಟ್ ಬೇಕು, ಅವಳ ಮೇಜು ಬೇಡ. ಆ ಟ್ರಕ್ಕು ಕೂಡ ನಾಚಿಕೆಯಿಲ್ಲದ್ದು. ಗೇರು ಬದಲಿಸಿದರೆ ಇಡೀ ಊರಿಗೆ ಕೇಳುವ ಹಾಗೆ ಕಿರುಚುತ್ತಿತ್ತು.

ಅದನ್ನು ರಿಪೇರಿ ಮಾಡಿಸಲೆಂದೇ ಈ ವರ್ಷ ನಾನು ನನ್ನ ಕೋವಿಯನ್ನು ಮಾರಲು ಹೊರಟದ್ದು. ಕೊಳ್ಳುವವನು ಸಿಕ್ಕಿದ್ದ: ವೆಂಡಲ್ ಕ್ರೇಗೋ, ಕಾರ್ಖಾನೆಯಲ್ಲಿ ನನ್ನ ಸೂಪರ್‌ವೈಸರ್. ಕೆಂಟಕಿಯಿಂದ ಬಂದು ಇಲ್ಲಿ ನೆಲೆಸಿದವನು. ಕೋಳಿ ಸಾಕಿದ್ದ, ಕಾಡುನಾಯಿಗಳ ಕಾಟ ಎನ್ನುತ್ತಿದ್ದ. ನಾನು ತಡವಾಗಿ ಬಂದ ದಿನಗಳಲ್ಲಿ ಗಡಿಯಾರದ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಅಷ್ಟು ಒಳ್ಳೆಯವನು. ಅವನನ್ನು ನಾನು ಏನಾದರೂ ಕೇಳುವುದೇ?

ಆ ಶನಿವಾರ ಅವನಿಗೆ ಕೋವಿ ಕೊಡಲು ನಾನು ಆರಿಸಿದ ಜಾಗ ಅತ್ತೆಯ ಹಿತ್ತಿಲು. ನನ್ನ ಬುದ್ಧಿಗೆ ಇದೊಂದೇ ಸಾಕ್ಷಿ ಸಾಕು. ಕೋವಿ ಅವಳ ಮನೆಯ ಬೀರುವಿನಲ್ಲಿತ್ತು. ಅವಳು ಮುಂದಿನ ಅಂಗಳದಲ್ಲಿ ಮೇಜಿನ ಹತ್ತಿರ ಇರುತ್ತಾಳೆ, ಹಿಂದೆ ಕೆಲಸ ಮುಗಿಸಿಬಿಡಬಹುದು ಎಂದು ಲೆಕ್ಕ ಹಾಕಿದ್ದೆ. ಕಾಫಿ ಪಾತ್ರೆಗೆ ನೀರು ಬೇಕಾಗಬಹುದೆಂದು ಲೆಕ್ಕ ಹಾಕಿರಲಿಲ್ಲ. ಹಿಂದಿನ ಬಾಗಿಲು ತೆರೆದುಕೊಂಡಿತು. ಅತ್ತೆ ಖಾಲಿ ಪಾತ್ರೆ ಹಿಡಿದು ನಿಂತಿದ್ದಳು. ಕೋವಿ ನನ್ನ ಕೈಯಿಂದ ವೆಂಡಲ್ ಕೈಗೆ ಅರ್ಧ ದಾರಿಯಲ್ಲಿತ್ತು.

"ಓಹೋ! ನನ್ ಮನೆ ಹಿಂದೇನೇ ಅಂಗಡಿ ತೆಗ್ದಿದೀಯೇನೋ ಡೆರಿಕ್?"

"ಅತ್ತೆ, ಇದು ವೆಂಡಲ್. ನಮ್ ಸೂಪರ್‌ವೈಸರ್. ಗೊತ್ತಲ್ಲ ನಿಂಗೆ?"

"ಗೊತ್ತು. ಚರ್ಚಲ್ಲಿ ಕುರ್ಚಿ ಜೋಡಿಸ್ತಾರೆ. ನಮಸ್ಕಾರಪ್ಪಾ. ಎಮೆಟ್ ಹತ್ರ ಹೋಗಿ ಬಂದ್ರಾ?"

ನಾನು ಹುಳ್ಳಗೆ ನಕ್ಕೆ. "ಅತ್ತೆ, ಸುಮ್ನಿರು. ಇವ್ರು ನಂಗೆ ಗೊತ್ತಿರೋರು."

"ಗೊತ್ತಿರೋರಾದ್ರೆ ಇನ್ನೂ ಸುಲಭ. ನಡ್ಕೊಂಡು ಹೋಗ್ತಾ ಮಾತಾಡ್ಕೋಬಹುದು." ವೆಂಡಲ್ ಕಡೆ ತಿರುಗಿದಳು. "ಬೇಜಾರು ಮಾಡ್ಕೋಬೇಡಿ. ನಾನು ನನ್ ತಮ್ಮಂಗೂ ಹೀಗೇ ಹೇಳಿದೀನಿ. ಒಂದು ವರ್ಷ ಮಾತು ಬಿಟ್ಟಿದ್ದ."

ವೆಂಡಲ್ ಮುಖ ಒಂದು ಗಳಿಗೆ ಖಾಲಿಯಾಯಿತು. ಆಮೇಲೆ ನಕ್ಕ. ಬೇಡವೆಂದರೆ ಏನಂದುಕೊಳ್ಳುತ್ತಾರೋ ಎಂಬ ನಗು ಅದು. ಅದು ನನಗೆ ಆಗ ಅರ್ಥವಾಗಲಿಲ್ಲ. "ಆಯ್ತಮ್ಮಾ. ಅದಕ್ಕೇನಂತೆ. ನಡಿ ಡೆರಿಕ್."

ದಾರಿಯುದ್ದಕ್ಕೂ ನಾನು ಕ್ಷಮೆ ಕೇಳಿದೆ. ಅತ್ತೆಗೆ ವಯಸ್ಸಾಯಿತು ಎಂದೆ. ತಲೆಗೆ ಹಚ್ಚಿಕೊಂಡಿದ್ದಾಳೆ ಎಂದೆ. ನನಗೆ ಅನ್ನ ಹಾಕಿದ ಹೆಂಗಸನ್ನು, ಓವರ್‌ಟೈಮ್ ಹಾಕಿಕೊಡುವ ಗಂಡಸಿನ ಮುಂದೆ, ಅಷ್ಟು ದೂರದಲ್ಲಿ ಎಷ್ಟು ಸಲ ಮಾರಿದೆನೋ.

ಎಮೆಟ್ ಕೋವಿಯನ್ನು ಕೌಂಟರ್ ಮೇಲಿಟ್ಟುಕೊಂಡು, ವೆಂಡಲ್‌ನಿಂದ ಹೆಸರು ವಿಳಾಸ ಬರೆಸಿಕೊಂಡು, ಸರ್ಕಾರದವರಿಗೆ ಫೋನು ಹಚ್ಚಿದ. ನಾವು ಹುಳುವಿನ ಡಬ್ಬಿಗಳ ಪಕ್ಕ ನಿಂತು ಬೇಸ್‌ಬಾಲ್ ಮಾತಾಡಿದೆವು. ಎಮೆಟ್ ಫೋನು ಇಟ್ಟ. ನನ್ನನ್ನೂ ನೋಡಲಿಲ್ಲ, ವೆಂಡಲ್‌ನನ್ನೂ ನೋಡಲಿಲ್ಲ. ಕೋವಿಯನ್ನು ನಿಧಾನವಾಗಿ ನನ್ನ ಕಡೆ ಸರಿಸಿದ.

"ಆಗಲ್ಲವಂತೆ."

"ಏನು ಆಗಲ್ಲ? ಲೈನ್ ಸಿಗ್ಲಿಲ್ವಾ?" ನಾನೇ ಕೇಳಿದ್ದು. ಇಡೀ ಅಂಗಡಿಯಲ್ಲಿ ಅರ್ಥವಾಗದವನು ನಾನೊಬ್ಬನೇ.

"ಕಾರಣ ನನಗೆ ಹೇಳಲ್ಲ ಡೆರಿಕ್. ಕೊಡಬೇಡ ಅಂತಾರೆ, ಅಷ್ಟೆ. ಸಾರಿ ವೆಂಡಲ್."

ವೆಂಡಲ್ ಕಿವಿ ಕೆಂಪಾಯಿತು. "ಏನೋ ಹಳೇದು. ಕಂಪ್ಯೂಟರಲ್ಲಿ ಏನೋ ತಪ್ಪಿದೆ" ಎಂದು ಬಾಗಿಲು ದಾಟಿದ. ನಾನು ಕೋವಿ ಎತ್ತಿಕೊಂಡು ಹಿಂದೆಯೇ ಹೊರಟೆ. ಬೀದಿ ತುಂಬ ಜನ. ಅಂಗಡಿಯೊಳಗೆ ಆದದ್ದು ಅಂಗಡಿಯೊಳಗೇ ಉಳಿದಿತ್ತು. ಬಿಸಿಲಿಗೆ ಬಂದ ಕೂಡಲೇ ವೆಂಡಲ್ ಮತ್ತೆ ಮೊದಲಿನ ವೆಂಡಲ್, ಎಲ್ಲರಿಗೂ ಕೈ ಎತ್ತಿ ಹಲೋ ಹೇಳುವವನು.

ಅತ್ತೆಯ ಮನೆಯ ಎದುರು ಹೋಬರ್ಟ್ ಲೂಮನ್ ಅಂಗಳ. ನಿವೃತ್ತ ಅಂಚೆಯವನು, ದೊಡ್ಡ ಗಂಟಲು, ದೊಡ್ಡ ಮನಸ್ಸು. ಅವನ ಮೇಜಿನ ಮೇಲೆ ಒಂದು ರೈಫಲ್ ಮಲಗಿತ್ತು. ವೆಂಡಲ್ ನಡೆಯುತ್ತ ನಡೆಯುತ್ತ ಅಲ್ಲಿ ನಿಂತ. ಎತ್ತಿಕೊಂಡು ನೋಡಿದ. ಅವನು ನನ್ನ ಕಡೆ ತಿರುಗಲಿಲ್ಲ. ನಾನು ರಸ್ತೆಯ ಮಧ್ಯದಲ್ಲಿ, ಮಾರಾಟವಾಗದ ಕೋವಿ ಹೊತ್ತು ನಿಂತಿದ್ದೆ.

ಅತ್ತೆ ತನ್ನ ಮೇಜಿನಿಂದ ಇದನ್ನೆಲ್ಲ ನೋಡಿದಳು. ನನ್ನ ಕೈಯಲ್ಲಿ ಕೋವಿ ವಾಪಸು ಬಂದದ್ದು ನೋಡಿದಳು, ವೆಂಡಲ್ ಕೈಯಲ್ಲಿ ಇನ್ನೊಂದು ಬಂದದ್ದು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಬೇಡ ಅಂದ್ರಾ?"

ತಲೆ ಆಡಿಸಿದೆ.

"ಹೋಬರ್ಟ್‌ಗೆ ಹೇಳು ಹೋಗು."

"ಅತ್ತೆ, ಅವ್ರು ನನ್ ಸೂಪರ್‌ವೈಸರ್."

ನನ್ನ ಬಾಯಿಂದ ಬಂದದ್ದು ಅಷ್ಟೆ. ಅವಳು ನನ್ನ ಮುಖ ನೋಡಿದಳು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೊಂಟ ಹಿಡಿದುಕೊಂಡು ರಸ್ತೆ ದಾಟಿದಳು, ಹೋಬರ್ಟ್‌ನ ಮಾರಾಟದ ಕುರ್ಚಿಯೊಂದರ ಮೇಲೆ, ಬೆಲೆಯ ಚೀಟಿಯ ಮೇಲೆಯೇ, ಕೂತಳು.

"ಏನು ಡೆಲ್ಫಾ, ಕುರ್ಚಿ ಬೇಕಾ?" ಎಂದ ಹೋಬರ್ಟ್.

"ಬೇಡ. ನೀನು ಆ ರೈಫಲ್ ಕೊಡೋಕ್ ಮುಂಚೆ ಎಮೆಟ್ ಹತ್ರ ಹೋಗಿ ಬಾ. ಅಲ್ಲೀ ತನಕ ಏಳಲ್ಲ ನಾನು."

"ಶುರು ಮಾಡಿದ್ಲಪ್ಪಾ ಸರ್ಕಾರಿ ಡೆಲ್ಫಾ! ಲೇ, ಇವನು ವೆಂಡಲ್ ಕಣೇ!"

"ಇವರ ಬಗ್ಗೆ ಒಂದು ಮಾತೂ ಆಡ್ತಿಲ್ಲ ನಾನು. ನನ್ ಬಗ್ಗೆ ಹೇಳ್ತಿದೀನಿ. ನನ್ ಥರ ಆಗ್ಬೇಡ ನೀನು."

ಅವಳು ಮಾತು ಉಳಿಸಿಕೊಂಡಳು. ವೆಂಡಲ್ ಗುಟ್ಟನ್ನು ತನ್ನ ಬಾಯಿಗೆ ತರಲಿಲ್ಲ. ವೆಂಡಲ್ ರೈಫಲ್ಲನ್ನು ಮೇಜಿನ ಮೇಲಿಟ್ಟ. "ಬೇಡ ಬಿಡಿ ಹೋಬರ್ಟ್. ಸುಮ್ನೆ ರಂಪ ಯಾಕೆ."

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಹೋಬರ್ಟ್ ನಮ್ಮ ಊರಿನವನು. ತನ್ನ ಅಂಗಳಕ್ಕೆ ಬಂದ ಗಿರಾಕಿಗೆ, ಅದರಲ್ಲೂ ಚರ್ಚಿನ ಗೆಳೆಯನಿಗೆ, ಹತ್ತು ಜನರೆದುರು ಅವಮಾನವಾಯಿತೆಂದು ಅವನ ಕತ್ತಿನ ನರ ಉಬ್ಬಿತು. ರೈಫಲ್ ಎತ್ತಿ ವೆಂಡಲ್ ಎದೆಗೆ ಒತ್ತಿದ.

"ತಗೊಳ್ಳಯ್ಯಾ. ಕಾಸು ಕೂಡ ಆಮೇಲೆ ಕೊಡು. ನನ್ ಅಂಗಳದಲ್ಲಿ ಯಾರ ಮರ್ಯಾದೆ ಎಷ್ಟು ಅಂತ ನನಗೆ ಗೊತ್ತು. ಫೋನ್ ಮಾಡಿ ಕೇಳ್ಬೇಕಾಗಿಲ್ಲ!"

ಸುತ್ತ ನಿಂತವರಲ್ಲಿ ಯಾರೋ ಚಪ್ಪಾಳೆ ಹೊಡೆದರು. ವೆಂಡಲ್ ಕೈಗಳು ತಾವಾಗಿಯೇ ಮೇಲೆ ಬಂದವು. ಅತ್ತೆ ಕುರ್ಚಿಯಿಂದ ಎದ್ದಳು, ನನ್ನ ಕಡೆ ತಿರುಗಿದಳು. ಅವಳ ಹತ್ತಿರ ಇದ್ದದ್ದು ನಾನು ತಲೆ ಆಡಿಸಿದ್ದು ಮಾತ್ರ. ಕೌಂಟರಿನ ಪಕ್ಕ ನಿಂತು ಕೇಳಿದವನು ನಾನು.

"ಹೋಬರ್ಟ್ ಮಾಮ, ಕೊಡಬೇಡಿ."

ನನ್ನ ಧ್ವನಿ ನನ್ನ ಟ್ರಕ್ಕಿನ ಗೇರಿನಂತೆ ಕಿರುಚಿತು. ಎಲ್ಲರೂ ತಿರುಗಿದರು.

"ಎಮೆಟ್ ಹತ್ರ ಹೋಗಿದ್ವಿ. ಕೊಡಬೇಡ ಅಂದ್ರು."

ಹೋಬರ್ಟ್‌ನ ಕೈ ರೈಫಲ್ಲಿನ ಮೇಲೆ ಹಾಗೇ ಇತ್ತು. ವೆಂಡಲ್‌ನ ಕೈಯೂ ಇತ್ತು. ಇಬ್ಬರೂ ಒಂದು ಗಳಿಗೆ ಅದನ್ನು ಹಿಡಿದುಕೊಂಡೇ ನಿಂತರು. ಮೊದಲು ಬಿಟ್ಟವನು ವೆಂಡಲ್. ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ತಡವಾಗಿ ಬಂದ ದಿನ ನಾನು ಗಡಿಯಾರ ನೋಡುವ ಹಾಗೆ ನೋಡಿದ. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೋದ. ಜನ ಬೇಕಾದ್ದಕ್ಕಿಂತ ಹೆಚ್ಚು ಜಾಗ ಬಿಟ್ಟರು.

ಹೋಬರ್ಟ್ ರೈಫಲ್ಲನ್ನು ಒಳಗೆ ತೆಗೆದುಕೊಂಡು ಹೋಗಿ, ತುಂಬಾ ಹೊತ್ತು ಹೊರಗೆ ಬರಲಿಲ್ಲ. ಅತ್ತೆಯ ಬೆನ್ನು ತಟ್ಟಲು ಒಂದಿಬ್ಬರು ಬಂದರು. "ನೀನ್ ಹೇಳಿದ್ದೇ ಸರಿ ಆಯ್ತು ಡೆಲ್ಫಾ" ಎಂದರು. ಅವಳು ಅವರ ಕೈ ತಳ್ಳಿದಳು.

"ಹೋಗ್ರೀ. ಒಬ್ಬ ಮನುಷ್ಯನ ಮಾನ ಬೀದೀಲಿ ಬಿದ್ದಿದೆ, ನಿಮಗೆ ಸರಿ ತಪ್ಪಿನ ಚಿಂತೆ. ಎಮೆಟ್ ಕೌಂಟರ್ ದಾಟಿ ಹೊರಗೆ ಇನ್ನೊಂದು ಸಿಗಲ್ಲ ಅಂತ ಕಾನೂನಿದ್ದಿದ್ರೆ, ಇವತ್ತು ನೀವ್ಯಾರೂ ಅವನ ಮುಖ ನೋಡ್ಬೇಕಾಗಿರಲಿಲ್ಲ."

ಸೋಮವಾರ ಕೆಲಸಕ್ಕೆ ಹೋದೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಹೋಗದಿದ್ದದ್ದು ಹೆಚ್ಚು ಚುಚ್ಚಿತು. ಊಟದ ಹೊತ್ತಿಗೆ ವೆಂಡಲ್ ಬಂದು ನನ್ನೆದುರು ಪೆಟ್ಟಿಗೆಯ ಮೇಲೆ ಕೂತ. ಬೇರೆಯವರೆಲ್ಲ ದೂರದಲ್ಲಿದ್ದರು, ಆ ವಾರದಿಂದ ಅವರು ಅವನಿಂದ ದೂರದಲ್ಲೇ ಇದ್ದಾರೆ.

"ಮೊದಲ್ನೇ ಹೆಂಡತಿ" ಎಂದ. "ನಿನ್ ವಯಸ್ಸು ನಂಗೆ ಆಗ. ಕೈ ಎತ್ತಿದೆ. ಒಂದ್ಸಲ ಅಲ್ಲ. ಕೋರ್ಟಿಗೆ ಹೋಯ್ತು. ಅಳಿಸಿಹೋಗಿರುತ್ತೆ ಅಂದ್ಕೊಂಡಿದ್ದೆ."

ನಾನು ಸ್ಯಾಂಡ್‌ವಿಚ್ ಹಿಡಿದು ಕೂತಿದ್ದೆ.

"ನಿನ್ನೆ ಹೆದ್ದಾರಿ ಕಡೆ ಬಂದೂಕು ಸಂತೆ ಇತ್ತು. ಹೋಗಿದ್ದೆ. ಹೊರಗೆ ಗಾಡಿ ನಿಲ್ಸೋ ಜಾಗದಲ್ಲಿ ಒಬ್ಬ ಡಿಕ್ಕಿ ತೆಗ್ದು ಮಾರ್ತಿದ್ದ. ನನ್ ಹೆಸರೂ ಕೇಳ್ಲಿಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವನು ಎದ್ದು ಹೋದ. ನಾನು ಮಧ್ಯಾಹ್ನವಿಡೀ ಕೀಲು ಕೂರಿಸಿದೆ. ಸಂಜೆ ಅತ್ತೆಯ ಮನೆಗೆ ಹೋಗಿ ಹೇಳಿದೆ. ಈ ಸಲ ಟ್ರಕ್ಕನ್ನು ಎದುರಿಗೇ ನಿಲ್ಲಿಸಿದೆ. ಅವಳು ಆಲೂಗಡ್ಡೆ ಸುಲಿಯುತ್ತಿದ್ದಳು.

"ತಗೊಂಡನಾ?"

"ಗೊತ್ತಿಲ್ಲ."

"ಕೇಳ್ಲಿಲ್ವಾ?"

"ಗಂಟೆ ಹೊಡೀತು ಅತ್ತೆ."

ಚಾಕು ನಿಂತಿತು. ಕೇಳಬೇಕಾದ್ದನ್ನು ಕೇಳದಿರುವುದಕ್ಕೆ ನಮ್ಮ ವಂಶದಲ್ಲಿ ಯಾವಾಗಲೂ ಒಂದು ಒಳ್ಳೆಯ ಕಾರಣ ಸಿಗುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತೋ ಏನೋ. "ನಾಳೆ ಕೇಳು" ಎಂದಳು. "ಅವನ ಮನೇಲಿ ಈಗಿನ ಹೆಂಡತಿ ಇದಾಳೆ."

ಮರುದಿನ ಗಂಟೆಯ ನೆಪ ಸಿಗದಂತೆ ಬೆಳಿಗ್ಗೆಯೇ ಹೋಗಿ ನಿಂತೆ. ವೆಂಡಲ್ ಬಾಗಿಲುಗಳ ಗಾಡಿ ತಳ್ಳುತ್ತಿದ್ದ.

"ವೆಂಡಲ್, ಭಾನುವಾರ ಅದನ್ನ ತಗೊಂಡ್ರಾ?"

ಅವನು ಗಾಡಿ ನಿಲ್ಲಿಸಿದ. "ಇಲ್ಲ" ಎಂದ. ನೇರವಾಗಿ ನನ್ನ ಕಣ್ಣು ನೋಡಿಯೇ ಹೇಳಿದ. ಆಮೇಲೆ ಕೈ ಚಾಚಿದ. ನಾನು ಕುಲುಕಿದೆ.

ಸಂಜೆ ಅತ್ತೆಗೆ ಹಾಗೆಯೇ ಹೇಳಿದೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ನನ್ನನ್ನು ಸರಿಯಾಗಿ ನೋಡಿದಳು.

"ಹೇಳುವಾಗ ಮುಖ ಹೇಗಿತ್ತು?"

"ಒಳ್ಳೇವ್ರ ಥರಾನೇ ಇತ್ತು ಅತ್ತೆ."

ಅವಳು ಎದ್ದು ಕಾರಿನ ಬೀಗದ ಕೈ ಹುಡುಕತೊಡಗಿದಳು. ಎಲ್ಲಿಗೆ ಎಂದು ಕೇಳಿದೆ. ವೆಂಡಲ್‌ನ ಹೆಂಡತಿಯ ಜೊತೆ ಮಾತಾಡಬೇಕು ಎಂದಳು. "ಬರ್ತೀಯಾ?"

ಹೋಗಲು ಮನಸ್ಸಿರಲಿಲ್ಲ. ಹೋದೆ.